ದಾಳಿಂಬೆ ಬಣ್ಣದ ಕೋಣೆ

ದಾಳಿಂಬೆ ಜಜ್ಜಿ ಗೋಡೆಗೆ ಬಳಿದಂಥ ಕೆಂಪು, ಬಾಗಿಲು ಸರಿಸಿದರೆ ಮುಖಕ್ಕೇ ಬಡಿಯುತ್ತದೆ, ಬಣ್ಣದ ಘಾಟು ಇನ್ನೂ ಇಳಿದಿಲ್ಲ — ಮದುವೆಯಾದಾಗಿನಿಂದ ಬೂದಿ ಬಣ್ಣದ ಅಂಗಿ ಬಿಟ್ಟು ಬೇರೆ ತೊಡದ ನನ್ನ ಗಂಡ ನಾಸೀಫ್‌ಗೆ, ನನ್ನ ಹಸಿರು ಪರದೆಯನ್ನು ಕಣ್ಣು ಚುಚ್ಚುತ್ತೆ ಅಂತ ತೆಗೆಸಿದವನಿಗೆ, ಈ ಕೆಂಪನ್ನು ಕಲಿಸಿದವರು ಯಾರು? ಗೋಡೆ ಕೆಂಪು, ಸೋಫಾ ಅರಿಶಿನ, ಚಾವಣಿ ನವಿಲುನೀಲಿ, ಬರೀ ಹಾಡು ಕೇಳುವುದಕ್ಕೆ ಒಂದು ಕೋಣೆಯಂತೆ, ಬೈರೂತಿನಲ್ಲಿ ಕರೆಂಟು ಇರುವ ಹೊತ್ತೇ ಕಮ್ಮಿ, ಅದರಲ್ಲಿ ಇದು. ಯಾಕೋ ಇಷ್ಟು ಗಾಢ ಅಂದರೆ, ಕಣ್ಣಿಗಾದ್ರೂ ಜೋರಾಗಿ ಕೇಳ್ಲಿ ಬಿಡೇ ವಿದಾದ್, ಅಂತ ನಕ್ಕ. ಮಾತು ಹಾರಿಸುವುದನ್ನು ಯಾವಾಗ ಕಲಿತ? ನನ್ನ ತಂಗಿ ಹಿಂದ್, ಗಸಿಯಲ್ಲಿ ಭವಿಷ್ಯ ಓದಲು ಕಾಫಿ ಬಟ್ಟಲು ಬೋರಲು ಹಾಕಿದವಳು, ಎತ್ತಿ ನೋಡಲೇ ಇಲ್ಲ, ಅಕ್ಕಾ, ಈ ವಯಸ್ಸಲ್ಲಿ ಗಂಡಸಿಗೆ ಬಣ್ಣ ಕಾಣ್ತು ಅಂದ್ರೆ ತೋರಿಸ್ದೋಳು ಬೇರೆ ಇರ್ತಾಳೆ, ಇದಕ್ಕೆ ಬಟ್ಟಲು ಯಾಕೆ ನೋಡ್ಬೇಕು. ಬಾಯಿ ಮುಚ್ಚೇ ಅಂದೆ, ಆದರೆ ಮುಳ್ಳು ಒಳಗೇ ಮುರಿಯಿತು — ಬೀದಿಗೆಲ್ಲ ಕೇಳುವಂತೆ ಫೋನಿನಲ್ಲಿ ಕೂಗಾಡುತ್ತಿದ್ದವನು ಈಗ ಬೆರಳಲ್ಲೇ ಬರೆಯುತ್ತಾನೆ, ನನ್ನೆದುರು ರಿಂಗಾದರೆ ಎತ್ತುವುದಿಲ್ಲ, ಮಾತಾಡಿಸಿದರೆ ಕಣ್ಣಿಗೆ ಕಣ್ಣು ಕೊಡದೆ ನನ್ನ ಬಾಯಿಯನ್ನೇ ನೋಡುತ್ತಾನೆ, ಅಡುಗೆಮನೆಯಿಂದ ಕರೆದರೆ ಉತ್ತರವಿಲ್ಲ, ಹೋಗಿ ಕೇಳಿದರೆ ಏನೋ ಯೋಚ್ನೇಲಿದ್ದೆ, ಯಾರ ಯೋಚನೆ, ಯಾವಳ ಯೋಚನೆ — ಮತ್ತೆ ಈಗ, ಮಧ್ಯಾಹ್ನದ ಊಟವಾಗಿ ಇನ್ನೂ ಸೊಪ್ಪಿನ ತೊಟ್ಟು ಗುಡಿಸಿಲ್ಲ, ಆ ಕೋಣೆಯಿಂದ ಹೆಣ್ಣಿನ ದನಿ, ಚಪ್ಪಲಿ ಬಿಟ್ಟು ಬಂದಿದ್ದೇನೆ, ಸದ್ದಿಲ್ಲದೆ, ಇವತ್ತು ಸಿಕ್ಕಿಬೀಳಲಿ. ಯಾರೂ ಇಲ್ಲ. ರೆಕಾರ್ಡಿನ ತಟ್ಟೆ ತಿರುಗುತ್ತಿದೆ, ಹಳೆಯ ಗಾಯಕಿಯೊಬ್ಬಳು ಮೈಮರೆತು ಹಾಡುತ್ತಿದ್ದಾಳೆ, ಇವನು ಒಬ್ಬನೇ ಸೋಫಾದಲ್ಲಿ ಕಣ್ಣು ಮುಚ್ಚಿಕೊಂಡು, ಅರ್ಧ ಬೆನ್ನು ನನ್ನ ಕಡೆಗೆ. ನಾಚಿಕೆಯಾಯಿತು, ತಿರುಗಿ ಹೋಗಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು, ಅವಳ ದನಿ ದಪ್ಪವಾಗುತ್ತಾ, ಗಂಡಸಿನದಾಗುತ್ತಾ, ಕೆಸರಿಗಿಳಿದಂತೆ ಇಳಿದು ನಿಂತೇಹೋಯಿತು. ಕೆಳಗೆ ಬ್ರೆಡ್ಡಿನವನ ಜನರೇಟರು ಗುಡುಗಿತು. ನಾಸೀಫ್, ಅಂದೆ. ಜೋರಾಗಿಯೇ ಅಂದೆ, ನಾಸೀಫ್. ಅವನು ತಿರುಗಲಿಲ್ಲ, ತಲೆದೂಗಿದ, ಯಾವುದೋ ಆಲಾಪ ತಿರುವು ತೆಗೆದುಕೊಂಡಿರಬೇಕು, ಆಹಾ ಅಂತ ತನ್ನಷ್ಟಕ್ಕೆ ನಕ್ಕ, ಸೋಫಾದ ತೋಳಿನ ಮೇಲೆ ಅವನ ಬೆರಳು ತಾಳ ಹಾಕುತ್ತಿದೆ, ತಪ್ಪದೆ, ನಿಂತ ತಟ್ಟೆಯ ಎದುರು, ಏಳುತ್ತದೆ, ಬೀಳುತ್ತದೆ, ಅರಿಶಿನದ ಮೇಲೆ ಆ ಒಂದು ಬೆರಳು, ಏಳುತ್ತದೆ, ಬೀಳುತ್ತದೆ, ಆ ಬೆರಳು