ನುಗ್ಗೆ ಮರದ ದಾನಪತ್ರ

ಹಿತ್ತಲಿನ ನುಗ್ಗೆ ಮರವನ್ನು ಕಡಿಸಿಬಿಡಬೇಕೆಂಬ ತೀರ್ಮಾನ ಶೀನಣ್ಣನವರ ಮನೆಯಲ್ಲಿ ಹಿಂದೆ ಮೂರು ಸಲ ಆಗಿ, ಮೂರು ಸಲವೂ ಊಟದ ಹೊತ್ತಿಗೆ ಹುಳಿಯ ಪರಿಮಳದಲ್ಲಿ ರದ್ದಾಗಿತ್ತು. ೧೯೯೭ರ ಏಪ್ರಿಲ್ ಕೊನೆಯಲ್ಲಿ ನಾಲ್ಕನೆಯ ಸಲ ಆದ ತೀರ್ಮಾನ ಮಾತ್ರ ಹುಳಿಗೆ ಬಗ್ಗುವಂತೆ ಕಾಣಲಿಲ್ಲ. ಯುಗಾದಿ ಕಳೆದ ಮೇಲೆ ಬಿದ್ದ ಎರಡು ಮಳೆಗೆ ಮರದ ತುಂಬ ಕಂಬಳಿಹುಳು ಎದ್ದಿದ್ದವು. ಹಗಲೆಲ್ಲ ಕಾಂಡಕ್ಕೆ ಗುಂಪುಗುಂಪಾಗಿ ಅಂಟಿಕೊಂಡು ಬಿದ್ದಿರುತ್ತಿದ್ದವು. ಕತ್ತಲಾಗುತ್ತಲೇ ಎಲೆ ಮೇಯಲು ಮೇಲೇರುತ್ತಿದ್ದವು. ದಾರಿ ತಪ್ಪಿದವು ಗೋಡೆ ಹಿಡಿದು ಹಿಂದಿನ ಕೋಣೆಯ ಕಿಟಕಿಗೆ ಬರುತ್ತಿದ್ದವು. ಮಲ್ಲೇಶ್ವರದ ಆ ಅಡ್ಡರಸ್ತೆಯಲ್ಲಿ ದಾರಿ ತಪ್ಪುವವರು ಬಹಳ ಜನ ಎಂದು ಪೋಸ್ಟ್‌ಮ್ಯಾನ್ ಹೇಳುತ್ತಿದ್ದ. ಹುಳುಗಳೂ ಹಾಗೇ ಎಂದು ಗೊತ್ತಾದದ್ದು ಈಗ.

ಆ ಕೋಣೆಗೆ ಶುಕ್ರವಾರ ಮಗಳು ಆರಾಧನಾ ಬರುವವಳಿದ್ದಳು. ಮೈಸೂರಿನಿಂದ, ಒಂಬತ್ತು ತುಂಬುತ್ತಿರುವ ಚೊಚ್ಚಲ ಬಸುರಿ. ಹತ್ತನೆಯ ವಯಸ್ಸಿನಲ್ಲಿ ಇಂಥದೇ ಒಂದು ಹುಳು ಅವಳ ಕತ್ತಿನ ಮೇಲೆ ಬಿದ್ದು, ಮುಖವೆಲ್ಲ ಊದಿ, ಉಸಿರು ಕಟ್ಟಿ, ಶೀನಣ್ಣ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದರು. ಆಗ ಸೂಜಿ ಚುಚ್ಚಿ ಉಳಿಸಿದ ಡಾಕ್ಟರು ಇನ್ನೊಂದು ಸಲ ಹೀಗಾಗದ ಹಾಗೆ ನೋಡಿಕೊಳ್ಳಿ ಎಂದಿದ್ದರು. ಮನೆಯಲ್ಲಿ ಕೋಣೆ ಎಂದು ಕರೆಯಬಹುದಾದದ್ದು ಅದೊಂದೇ. ಮಿಕ್ಕಿದ್ದು ಹಜಾರ, ಅಡಿಗೆಮನೆ, ಮತ್ತು ನಡುವೆ ಜನ ಒಬ್ಬರನ್ನೊಬ್ಬರು ಒರಸಿಕೊಂಡು ಓಡಾಡುವ ಜಾಗ.

"ನಾಳೇನೇ ಆಳು ಕರೆಸ್ತೀನಿ," ಎಂದರು ಶೀನಣ್ಣ.

"ಬಸುರಿ ಮಗಳು ಬರೋ ಮನೇಲಿ ಹಸಿ ಮರ ಕಡೀತಾರೇನ್ರೀ?" ಎಂದರು ಹೆಂಡತಿ ಅಂಬುಜಮ್ಮ, ಜರಡಿ ಹಿಡಿಯುತ್ತಿದ್ದ ರವೆಯಿಂದ ತಲೆ ಎತ್ತದೆ.

"ಅವಳಿಗೋಸ್ಕರಾನೇ ಅಲ್ವೇನೆ ಕಡಿಸೋದು?"

"ಯಾರಿಗೋಸ್ಕರ ಅಂತ ಮರಕ್ಕೆ ಗೊತ್ತಾಗತ್ತಾ? ನಮ್ಮಮ್ಮ, ನಮ್ಮಜ್ಜಿ ಯಾರೂ ಮಾಡಿಲ್ಲ. ಹೆರಿಗೆ ಆಗಿ ಹನ್ನೊಂದು ದಿನ ಕಳೀಲಿ, ಬುಡ ಸಮೇತ ಕೀಳಿಸಿ. ನಾನೇ ಹಗ್ಗ ಹಿಡ್ಕೋತೀನಿ."

ಶೀನಣ್ಣನವರು ಇಂಥದ್ದನ್ನೆಲ್ಲ ನಂಬುವವರಲ್ಲ. ಆದರೆ ನಂಬದಿರುವುದಕ್ಕೂ ಒಂದು ಧೈರ್ಯ ಬೇಕು. ಮೊದಲ ಮೊಮ್ಮಗುವಿನ ವಿಷಯದಲ್ಲಿ ಅವರಿಗೆ ಅದು ಸಾಲದಾಯಿತು.

ಬೀದಿಯವರು ಯಾರೂ ದೂರಲಿಲ್ಲ. ಹನ್ನೆರಡು ವರ್ಷದಿಂದ ಎಲ್ಲ ಮನೆಗಳಿಗೂ ಈ ಮರದ ಕಾಯಿ ಹೋಗುತ್ತಿತ್ತು. ತಿಂದ ಬಾಯಲ್ಲಿ ಬಯ್ಯುವುದು ಕಷ್ಟವಾಗಿ ಎಲ್ಲರೂ ಸಲಹೆ ಕೊಟ್ಟರು. ಎದುರುಮನೆಯ ನಂಜುಂಡಯ್ಯನವರ ಮಾತು ಕೇಳಿ ಬೂದಿ ಎರಚಿದ್ದಕ್ಕೆ ಶೀನಣ್ಣನವರ ಬಲಗೈ ಊದಿಕೊಂಡಿತು. ಮೆಣಸಿನಕಾಯಿ ಹೊಗೆ ಹಾಕಿದಾಗ ಹುಳುಗಳು ಅಲ್ಲೇ ಇದ್ದವು, ಗಂಡ ಹೆಂಡತಿ ಒಂದು ಗಂಟೆ ಗೇಟಿನ ಹೊರಗೆ ಕೆಮ್ಮುತ್ತ ನಿಂತರು. ಕಿಟಕಿಗೆ ಮೆಶ್ ಹೊಡೆಸಿದ್ದಾಯಿತು. ಹುಳುಗಳು ಅದರ ಮೇಲೇ ಸಾಲಾಗಿ ಮಲಗಿ, ಗಾಳಿ ಬೀಸಿದಾಗಲೆಲ್ಲ ತಮ್ಮ ರೋಮವನ್ನು ಒಳಗೆ ಕಳಿಸಿದವು. ಸಂಪಿಗೆ ರಸ್ತೆಯ ಅಂಗಡಿಯಿಂದ ತಂದ ಔಷಧಿಯ ಡಬ್ಬದ ಮೇಲೆ ತಲೆಬುರುಡೆಯ ಚಿತ್ರ ಇತ್ತು. ಅಂಬುಜಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ಗೇಟಿನಾಚೆ ಇಟ್ಟು ಬಂದರು.

"ಬಾಣಂತಿ ಕೋಣೆ ಮುಂದೆ ವಿಷ ಹೊಡೆಯೋಕೆ ನಿಮಗೆ ಬುದ್ಧಿ ಇದೆಯಾ?"

ಇತ್ತೋ ಇಲ್ಲವೋ, ಇದ್ದ ಬುದ್ಧಿ ಮಂಗಳವಾರ ಕಚೇರಿಯಲ್ಲಿ ಕೆಲಸಕ್ಕೆ ಬಂತು. ಮೂವತ್ತೊಂದು ವರ್ಷದಿಂದ ನೋಂದಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಶೀನಣ್ಣ, ಕಾಗದದ ಮೇಲೆ ಕೈ ಬದಲಾಗದ ವಸ್ತು ಪ್ರಪಂಚದಲ್ಲಿ ಇಲ್ಲ ಎಂಬುದನ್ನು ಕಣ್ಣಾರೆ ಕಂಡವರು. ಬಸುರಿ ಇರುವ ಮನೆಯವರು ಮರ ಕಡಿಯಬಾರದು, ಸರಿ. ಮರ ಪಕ್ಕದ ಮನೆಯವರದಾದರೆ?

ಊಟದ ಬಿಡುವಿನಲ್ಲಿ ಕೂತು ದಾನಪತ್ರ ಬರೆದರು. ಅಭ್ಯಾಸಬಲದಿಂದ ಚಕ್ಕುಬಂದಿಯೂ ಬಂತು: ಪೂರ್ವಕ್ಕೆ ನೀರಿನ ಸಂಪು, ಪಶ್ಚಿಮಕ್ಕೆ ತಮ್ಮದೇ ಕಾಂಪೌಂಡು ಗೋಡೆ, ಉತ್ತರಕ್ಕೆ ಬಟ್ಟೆ ಒಗೆಯುವ ಕಲ್ಲು, ದಕ್ಷಿಣಕ್ಕೆ ಹಿಂದಿನ ಕೋಣೆಯ ಕಿಟಕಿ, ಈ ಮಧ್ಯೆ ಇರುವ ನುಗ್ಗೆ ಮರ ಒಂದು, ಅದರ ಕಾಯಿ, ಎಲೆ, ಹೂವು ಹಾಗೂ ಅದರಲ್ಲಿ ವಾಸವಿರುವ ಸಕಲ ಜೀವಿಗಳ ಸಹಿತ. ಓದಿಕೊಂಡಾಗ ಎಷ್ಟೋ ದಿನದ ಮೇಲೆ ಒಂದು ಕೆಲಸ ಚೆನ್ನಾಗಿ ಮಾಡಿದೆ ಅನ್ನಿಸಿತು.

ಬುಧವಾರ ಸಂಜೆ ಪತ್ರ ಹಿಡಿದು ಪಕ್ಕದ ಮನೆಗೆ ಹೋದರು. ವೇಣುಗೋಪಾಲ್ ಸೈಟು ವ್ಯಾಪಾರದವನು. ತಂದೆಯ ಕಾಲದಲ್ಲಿ ಮಾಗಡಿ ಕಡೆಯಿಂದ ಬಂದ ಮನೆ. ಮೆಟ್ಟಿಲ ಮೇಲೆ ಕೂತು ಪತ್ರವನ್ನು ಆಸೆಯಿಂದ ಓದಿದ.

"ಖಾತೆ ನನ್ನ ಹೆಸರಿಗೇ ಬರತ್ತಾ ಸಾರ್?"

"ತಮಾಷೆ ಸಾಕಪ್ಪ. ಸಹಿ ಹಾಕು. ನಾಳೆ ನಿನ್ನ ಮರ ನೀನು ಕಡಿಸು. ಕೂಲಿ ನನ್ನದು."

"ಪೊಸೆಷನ್ ಯಾವಾಗ?"

"ಈಗಲೇ ತಗೋ. ಹುಳ ಸಮೇತ."

ವೇಣುಗೋಪಾಲ್ ಜೇಬಿನಿಂದ ಪೆನ್ನು ತೆಗೆದ. ಬಾಗಿಲಲ್ಲಿ ಅವರೆಕಾಳಿನ ಮೊರ ಹಿಡಿದು ಕೂತಿದ್ದ ಅವನ ತಾಯಿ ಸಿದ್ದಮ್ಮ ಅಲ್ಲಿಂದಲೇ ಕೇಳಿದರು:

"ಏನ್ಲಾ ಅದು, ಬರೀತಿರೋದು?"

"ಏನಿಲ್ಲಮ್ಮ. ಶೀನಣ್ಣೋರ ಮರ ನನಗೆ ದಾನ ಬಂದೈತೆ. ಕಡಿಸಬೇಕಂತೆ."

"ಮಡಗ್ಲಾ ಪೆನ್ನು." ಸಿದ್ದಮ್ಮ ಮೊರ ಕೆಳಗಿಟ್ಟರು. "ನೀನೂ ಕಡಿಯಂಗಿಲ್ಲ."

ವೇಣುಗೋಪಾಲ್ ತಾಯಿಯ ಮುಖ ನೋಡಿದ, ಶೀನಣ್ಣನವರ ಮುಖ ನೋಡಿದ, ಆಮೇಲೆ ಪೆನ್ನಿನ ಮುಚ್ಚಳ ಹಾಕಿದ. ಒಳಗೆ ಯಾರೋ ಮೆಲ್ಲಗೆ ಬಾಗಿಲು ಮುಂದೆ ಮಾಡಿದ ಸದ್ದಾಯಿತು. ಅವನ ಹೆಂಡತಿ ರಕ್ಷಿತಾ.

"ಎರಡು ತಿಂಗಳು," ಎಂದರು ಸಿದ್ದಮ್ಮ. "ಮೂರು ತುಂಬೋಗಂಟ ಯಾರಿಗೂ ಹೇಳಬಾರದು ಅಂತ ಬಾಯಿ ಕಟ್ಕೊಂಡಿದ್ದೆ ಸೀನಣ್ಣ. ನಿಮ್ಮ ಹುಳ ಹೇಳಿಸ್ತು."

ಶೀನಣ್ಣ ಸಂತೋಷ ಎಂದರು. ಸಂತೋಷ ಎಂದು ಇನ್ನೊಮ್ಮೆಯೂ ಹೇಳಿದರು. ಆಮೇಲೆ ಮೆಟ್ಟಿಲ ಮೇಲೇ ಕೂತು, ದಾನಪತ್ರವನ್ನು ನಾಲ್ಕಾಗಿ ಮಡಿಸಿದರು.

"ನಂಜುಂಡಯ್ಯೋರಿಗೆ ಕೊಟ್ಟು ನೋಡಿ ಸಾರ್," ಎಂದ ವೇಣುಗೋಪಾಲ್, ತಗ್ಗಿದ ದನಿಯಲ್ಲಿ. "ಅವರಿಗೆ ಎಪ್ಪತ್ತೆರಡು. ಆ ಮನೇಲಿ ತೊಂದರೆ ಇರಲ್ಲ."

"ಅವರ ಸೊಸೆ ಮೊನ್ನೆ ಮಾವಿನಕಾಯಿ ಕೇಳ್ಕೊಂಡು ಬಂದಿದ್ಲಪ್ಪ. ನನಗೆ ಇನ್ನು ಯಾರ ಮನೇನೂ ವಿಚಾರಿಸೋ ಶಕ್ತಿ ಇಲ್ಲ." ಶೀನಣ್ಣ ಊದಿದ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. "ನಾಡಿದ್ದು ಮಗು ಬರತ್ತೆ, ಸಿದ್ದಮ್ಮ. ಒಂದು ಸಲ ಉಸಿರು ನಿಂತದ್ದು ನೋಡಿದೀನಿ. ಇನ್ನೊಂದು ಸಲ ನೋಡಲಾರೆ."

ಮಗು ಎಂದದ್ದು ಇಪ್ಪತ್ತೈದು ವರ್ಷದ ಮಗಳನ್ನು ಎಂದು ಸಿದ್ದಮ್ಮನಿಗೆ ಗೊತ್ತಾಯಿತು. ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದರು.

"ಹುಳದ ಗುಣ ಕಾಣದೋರು ಮರ ಕಡೀತಾರೆ," ಎಂದರು ಆಮೇಲೆ. "ಅವು ರಾತ್ರಿ ಮೇಯ್ತವೆ, ಬೆಳಕು ಹರಿಯೋ ಮುಂಚೆ ಇಳಿದು ತಂಪು ಹುಡುಕ್ತವೆ. ನಾವೇ ತಂಪು ಮಾಡಿಕೊಟ್ರೆ ಅಲ್ಲೇ ಬಂದು ಬೀಳ್ತವೆ. ವೇಣು, ಎರಡು ಗೋಣಿಚೀಲ ನೆನೆಹಾಕು."

ಅಂದು ರಾತ್ರಿಯೇ ಹುಳುಗಳು ಮೇಲೇರಿದ ಮೇಲೆ ಕಾಂಡಕ್ಕೆ ಒದ್ದೆ ಗೋಣಿ ಸುತ್ತಿ ಕಟ್ಟಿದರು. ಗುರುವಾರ ಬೆಳಗ್ಗೆ ಗೋಣಿ ಬಿಚ್ಚಿದಾಗ ಅದರ ಒಳಮೈ ಪೂರ್ತಿ ರೋಮವಾಗಿ ಅಲುಗುತ್ತಿತ್ತು. ಶೀನಣ್ಣ ಮುಖ ತಿರುಗಿಸಿದರು. ವೇಣುಗೋಪಾಲ್ ದೂರದಿಂದ ಕೋಲಿನಲ್ಲಿ ಗೋಣಿ ಎತ್ತಿ ಹಿಡಿದ.

"ಡಿಕ್ಕೀಲಿ ಹಾಕ್ಕೊಂಡೋಗಿ ಓಕಳಿಪುರಂ ರೈಲ್ವೆ ಲೈನ್ ಹತ್ರ ಬಿಟ್ಟು ಬರ್ಲಾ? ಕೊಂದಂಗೂ ಇರಲ್ಲ."

"ಅಲ್ಲಿರೋರು ಬಸುರಿ ಆಗಲ್ವೇನ್ಲಾ?" ಎಂದರು ಸಿದ್ದಮ್ಮ. ಸೋಪಿನ ನೀರು ತುಂಬಿದ ಬಕೆಟ್ಟನ್ನು ತಾವೇ ಮುಂದಕ್ಕೆಳೆದರು. "ಇತ್ಲಾಗಿ ಕೊಡು. ಕೊಲ್ಲೋ ಪಾಪ ನನಗಿರ್ಲಿ. ನನ್ನ ಹೊಟ್ಟೇಲಿ ಯಾರೂ ಇಲ್ಲ."

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಂಬುಜಮ್ಮ ಇದನ್ನು ಕೇಳಿಸಿಕೊಂಡರು. ನಮ್ಮಮ್ಮ ಹೀಗಂದಿಲ್ಲ, ನಮ್ಮಜ್ಜಿ ಹಾಗಂದಿಲ್ಲ ಎನ್ನುತ್ತಾರೇನೋ ಎಂದು ಶೀನಣ್ಣ ಕಾದರು. ಅಂಬುಜಮ್ಮ ಒಳಗೆ ಹೋಗಿ ಸಿದ್ದಮ್ಮನಿಗೆ ಕಾಫಿ ಬೆರೆಸಿಕೊಂಡು ಬಂದರು, ದೊಡ್ಡ ಲೋಟದಲ್ಲಿ.

ಗುರುವಾರ ರಾತ್ರಿ ಮತ್ತೆ ಗೋಣಿ, ಶುಕ್ರವಾರ ಬೆಳಗ್ಗೆ ಮತ್ತೆ ಬಕೆಟ್ಟು. ಎರಡನೆಯ ದಿನ ಗೋಣಿಯಲ್ಲಿ ಸಿಕ್ಕಿದ್ದು ಮೊದಲನೆಯ ದಿನದ ಕಾಲು ಭಾಗ. ಶೀನಣ್ಣ ರಜೆ ಹಾಕಿ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಮೆಶ್ ಕಿತ್ತು, ಗೋಡೆ, ಕಿಟಕಿ, ಸರಳುಗಳನ್ನು ಮೂರು ಸಲ ತೊಳೆದರು. ಮಧ್ಯಾಹ್ನದ ರೈಲಿಗೆ ಆರಾಧನಾ ಬಂದಳು. ಆಟೋದಿಂದ ಇಳಿಯುವುದಕ್ಕೇ ಐದು ನಿಮಿಷ ತೆಗೆದುಕೊಂಡು, ಅಪ್ಪನ ಕೈ ನೋಡಿ ಏನಾಯ್ತು ಎಂದಳು. ಬೂದಿ ಎಂದರು.

ಸಂಜೆ ಐದೂವರೆಗೂ ಸೆಕೆ ಇಳಿದಿರಲಿಲ್ಲ. ಶೀನಣ್ಣ ಇಕ್ಕಳ ಹಿಡಿದು ಹೊರಗೆ ಗೋಡೆಯ ಮೇಲೆ ಕಣ್ಣಾಡಿಸುತ್ತಿದ್ದಾಗ ಮುಚ್ಚಿದ ಕಿಟಕಿಯ ಒಳಗಿನಿಂದ ಮಗಳ ದನಿ ಬಂತು.

"ಅಪ್ಪ, ಒಳಗೆ ಬೇಯ್ತಿದೀನಿ. ಕಿಟಕಿ ತೆಗೀಲಾ?"

"ಒಂದೇ ನಿಮಿಷ ತಾಳಮ್ಮ."

ಸಜ್ಜದ ಕೆಳಗೆ ಒಂದು ಹುಳು ಇತ್ತು. ಹಿಡಿದು ಬಕೆಟ್ಟಿಗೆ ಹಾಕಿದರು. ಕಿಟಕಿಯ ಚೌಕಟ್ಟಿನ ಮೇಲಂಚು, ಕೆಳಗಿನಂಚು, ಕೀಲುಗಳ ಸಂದು ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಏನೂ ಇರಲಿಲ್ಲ.

"ತೆಗಿ."

ಕಿಟಕಿ ತೆಗೆದುಕೊಂಡಿತು. ಆರಾಧನಾ ಸರಳಿಗೆ ಹಣೆ ಒತ್ತಿ ಕಣ್ಣು ಮುಚ್ಚಿ ಗಾಳಿ ತೆಗೆದುಕೊಂಡಳು. ಶೀನಣ್ಣ ಅವಳ ಉಸಿರನ್ನೇ ಕೇಳುತ್ತ ನಿಂತರು. ಭಾರವಾಗಿತ್ತು, ಎಲ್ಲ ತುಂಬು ಬಸುರಿಯರ ಉಸಿರಿನ ಹಾಗೆ. ಅಷ್ಟೇ. ಅವಳು ಹೋಗಿ ಮಂಚದ ಮೇಲೆ ಮಲಗಿದಳು. ಶೀನಣ್ಣ ಸ್ಟೂಲೊಂದನ್ನು ತಂದು ಕಿಟಕಿಯ ಕೆಳಗೆ ಹಾಕಿಕೊಂಡು ಕೂತರು.

ಗೋಡೆಯಾಚೆಯಿಂದ ಸಿದ್ದಮ್ಮನ ತಲೆ ಕಂಡಿತು.

"ಒಳಗೋಗಿ ಸೀನಣ್ಣ. ಬೆಳಗಾಗೋಗಂಟ ಕಾಯ್ತೀರಾ?"

"ಬೆಳಗಾಗೋವರೆಗಲ್ಲಮ್ಮ. ಹೆರಿಗೆ ಆಗೋವರೆಗೆ."

"ಹಂಗಾದ್ರೆ ಇದನ್ನ ಹಿಡ್ಕೊಳ್ಳಿ," ಎಂದು ಸಿದ್ದಮ್ಮ ನೀರು ಸೋರುತ್ತಿದ್ದ ಗೋಣಿಚೀಲವನ್ನು ಗೋಡೆಯ ಮೇಲಿಂದ ಇಳಿಬಿಟ್ಟರು.