ಶಿಕಾಗೋವರೆಗೆ ಎಲ್ಲ ಸರಿ

ಖಗೋಳ ವಿಜ್ಞಾನಿ ಲೋರ್ನಾ ಅವರ ನಕ್ಷತ್ರ ಇಪ್ಪತ್ತಾರು ವರ್ಷಕ್ಕೊಮ್ಮೆ, ಕೆಲವೇ ನಿಮಿಷ ಭಗ್ಗೆಂದು ಉರಿಯುತ್ತದೆ. ಅವರಿಗೀಗ ಅರವತ್ತೊಂದು. ಹವಾಯಿ ಬೆಟ್ಟದ ದೂರದರ್ಶಕ ಅದು ಉರಿದ ರಾತ್ರಿ ಆರು ಗಂಟೆ ಕಾಲ ಚಿತ್ರ ತೆಗೆದಿತ್ತು. ಉರಿದದ್ದು ಯಾವ ಗಳಿಗೆಯಲ್ಲೆಂದು ತಿಳಿಯಲು ಚಿತ್ರಗಳು ಇಲಿನಾಯಿಗೆ, ನಮ್ಮ ಲ್ಯಾಬಿಗೆ ಬರಬೇಕು. ನಮ್ಮ ಗಡಿಯಾರದ ಸಂಜೆ ನಾಲ್ಕಕ್ಕೆ ಅಲ್ಲಿ ಬೇರೆ ತಂಡದ ಸರದಿ, ಡಿಸ್ಕ್ ಅಳಿಸಿಬಿಡುತ್ತಾರೆ.

ನೆಟ್‌ವರ್ಕಿನಲ್ಲಿ ತರುವ ಹೊಣೆ ನನ್ನದು. ಒಂದೂವರೆ ಗಂಟೆಯ ಕೆಲಸ. ಆದರೆ ಬೆಳಿಗ್ಗೆಯಿಂದ ತೆವಳುತ್ತಿತ್ತು. ಆ ವೇಗಕ್ಕೆ ಎರಡು ವಾರ ಬೇಕು. ದಾರಿಯ ಮೊದಲ ತಂಗುದಾಣ, ಹತ್ತಿರದ ಶಿಕಾಗೋವರೆಗೆ ವೇಗ ಅಳೆದೆ, ಪೂರ್ತಿ ಇತ್ತು. ಹಾಗಾದರೆ ತಪ್ಪು ಆಚೆಯವರದೇ ಎಂದು ತೀರ್ಮಾನಿಸಿದೆ.

“ನಮ್ಮ ಕಡೆ ಬೆಣ್ಣೆ ಥರ ಹೋಗ್ತಿದೆ ಕಣಯ್ಯ. ಎಡವಟ್ಟು ನಿಮ್ಮಲ್ಲೇ. ಎಲ್ಲ ಬಿಚ್ಚಿ ನೋಡು,” ಎಂದು ಬೆಟ್ಟದ ಮೇಲಿದ್ದ ತಂತ್ರಜ್ಞ ಕೈಪೋಗೆ ಫೋನಿನಲ್ಲಿ ಗದರಿದೆ.

“ಎರಡು ಸಲ ನೋಡ್ದೆ ಸರ್.”

“ಮೂರನೇ ಸಲ ನೋಡು!”

ಆ ಎತ್ತರದಲ್ಲಿ ಉಸಿರು ಸಾಲುವುದಿಲ್ಲ. ಅವನ ಏದುಸಿರು ಇಲ್ಲಿಗೇ ಕೇಳುತ್ತಿತ್ತು. ಅಯ್ಯೋ ಅನ್ನಿಸಬೇಕಿತ್ತು, ನನಗೆ ಸಿಟ್ಟು ಬಂತು.

“ಟೆರೆಲ್, ಬರುತ್ತೆ ತಾನೇ? ಇನ್ನೊಂದು ಸಲಕ್ಕೆ ನಾನಿರಲ್ಲ ಕಣೋ,” ಎಂದರು ಪಕ್ಕದಲ್ಲೇ ಕೂತಿದ್ದ ಲೋರ್ನಾ. ಅವರ ಕಾಫಿ ಆರಿಹೋಗಿತ್ತು.

ಮೂರೂ ಮುಕ್ಕಾಲಿಗೆ ನನ್ನ ಮಂಕು ಬಿಟ್ಟಿತು. ಹತ್ತಿರದ ದಾರಿಯಲ್ಲಿ ಮಾಹಿತಿಯ ಒಂದು ತುಣುಕು ಕಳೆದರೆ ಕಣ್ಣುಮಿಟುಕಿಸುವಷ್ಟರಲ್ಲಿ ಮತ್ತೆ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹವಾಯಿಯಷ್ಟು ದೂರಕ್ಕೆ ಹಾಗೆ ಆಗಾಗ ಕಳೆದರೆ ವೇಗ ನೆಲಕಚ್ಚುತ್ತದೆ, ಏಳುವುದೇ ಇಲ್ಲ. ಶಿಕಾಗೋವರೆಗೆ ವೇಗ ಇದ್ದ ಮಾತ್ರಕ್ಕೆ ನಮ್ಮ ಕಡೆ ಸರಿ ಎಂದಲ್ಲ!

ಹಿಂದಿನ ಕೋಣೆಗೆ ಓಡಿದೆ. ಬೆಳಿಗ್ಗೆ ನಾನೇ ಸಿಕ್ಕಿಸಿದ್ದ ಗಾಜಿನೆಳೆಯ ಕೇಬಲ್ ಕಿತ್ತು ಸೂಕ್ಷ್ಮದರ್ಶಕಕ್ಕೆ ಹಿಡಿದೆ. ತುದಿಯಲ್ಲಿ ಒಂದು ಕಲೆ. ಒರೆಸಿ, ನೋಡಿ, ಆಮೇಲೆ ಸಿಕ್ಕಿಸಬೇಕೆಂದು ಹೊಸಬರಿಗೆಲ್ಲ ಪಾಠ ಹೇಳುವವನು ನಾನು. ಹೊಸ ಕೇಬಲ್, ಈಗಷ್ಟೇ ಪೊಟ್ಟಣ ಒಡೆದದ್ದು, ಕೊಳೆ ಎಲ್ಲಿಂದ ಬರಬೇಕು ಎಂಬ ಧಿಮಾಕು. ಒರೆಸಿ ಸಿಕ್ಕಿಸಿದೆ. ವೇಗ ಜಿಗಿಯಿತು.

ಉಳಿದದ್ದು ಒಂಬತ್ತು ನಿಮಿಷ. ಅಷ್ಟರಲ್ಲಿ ಅರ್ಧ ಗಂಟೆಯ ಚಿತ್ರ ಬಂದರೆ ಹೆಚ್ಚು.

“ಯಾವ ಅರ್ಧ ಗಂಟೆ ಬೇಕು? ಬೇಗ ಹೇಳಿ!” ಎಂದು ಲೋರ್ನಾ ಬಳಿಗೆ ಓಡಿಬಂದು ಕೇಳಿದೆ.

“ದೇವರೇ... ನಡುವಿಂದು. ಇಲ್ಲ ಇಲ್ಲ, ಕೊನೇದು. ಕೊನೇದು ತಗೋ.”

ನಾಲ್ಕಾಯಿತು. ಅತ್ತ ಡಿಸ್ಕ್ ಖಾಲಿ. ಲೋರ್ನಾ ಚಿತ್ರಗಳನ್ನು ತೆರೆದರು. ಬೆಳಕಿನ ಗೆರೆ ಈ ತುದಿಯಿಂದ ಆ ತುದಿಗೆ ಮಟ್ಟಸವಾಗಿತ್ತು, ಒಂದು ಉಬ್ಬೂ ಇಲ್ಲ. ನಕ್ಷತ್ರ ಉರಿದದ್ದು ಈ ಅರ್ಧ ಗಂಟೆಯಲ್ಲಲ್ಲ.

ಫೋನಿನಲ್ಲಿ ಕೈಪೋ ಇನ್ನೂ ಇದ್ದ. “ಕ್ಷಮಿಸಿ ಮೇಡಂ. ನಮ್ಮ ಕಡೆ ಏನು ಕೆಟ್ಟಿತ್ತೋ, ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ.”

“ಬಿಡಪ್ಪ. ನಿನ್ನ ಕೈಲಾದಷ್ಟು ಮಾಡ್ದೆ,” ಎಂದರು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಅವನಲ್ಲ ಲೋರ್ನಾ, ನಾನು. ಬೆಳಿಗ್ಗೆ ಕೇಬಲ್ ಒರೆಸದೆ ಸಿಕ್ಕಿಸ್ದೆ.”

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಒರೆಸೋಕೆ ಎಷ್ಟು ಹೊತ್ತು ಬೇಕಿತ್ತು?”

“ಹತ್ತು ಸೆಕೆಂಡು,” ಎಂದೆ.