ಬೈಗುಳ ಮೊದಲು

ತನ್ನ ಅಂಗಡಿಯಲ್ಲಿ ಊರಿನವರ ಕಂಪ್ಯೂಟರ್ ಬೋರ್ಡುಗಳನ್ನೆಲ್ಲ ರಿಪೇರಿ ಮಾಡಿ "ಒಂದು ಕಾಪಿ ಇಟ್ಕೊಳ್ರೀ" ಎಂದು ಬುದ್ಧಿ ಹೇಳುತ್ತಿದ್ದ ಸೊಸೆ, ತನ್ನ ಮನೆಯದಕ್ಕೇ ಕಾಪಿ ಇಟ್ಟಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಅದೂ ಅತ್ತೆಯ ದನಿಗೆ!

ದನಿಯನ್ನೇ ಕಸಿಯಲಿದ್ದ ಗಂಟಲಿನ ಆಪರೇಷನ್ನಿಗೆ ಮುಂಚೆ ಅತ್ತೆ ವಾರಗಟ್ಟಲೆ ಕೂತು ತಮ್ಮ ಮಾತುಗಳನ್ನು ರೆಕಾರ್ಡ್ ಮಾಡಿಸಿದ್ದರು. ಸೊಸೆ ಅವನ್ನು ಅಂಗೈಯಗಲದ ಕಂಪ್ಯೂಟರ್ ಬೋರ್ಡಿಗೆ ತುಂಬಿ, ಗುಂಡಿ ಒತ್ತಿದರೆ ಮಾತು ಬರುವ ಡಬ್ಬಿ ಮಾಡಿಕೊಟ್ಟಿದ್ದಳು. ಅಂದಿನಿಂದ ಅತ್ತೆ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡೇ ಮನೆಮಂದಿಯನ್ನೆಲ್ಲ ಬೈಯುತ್ತಿದ್ದರು. ಆದರೆ ಎಲ್ಲವೂ ಇದ್ದದ್ದು ಉಗುರಿನಷ್ಟಗಲದ ಮೆಮೊರಿ ಕಾರ್ಡಿನಲ್ಲಿ. ಬರೆದು ಬರೆದು ಅಂಥ ಕಾರ್ಡು ಸವೆಯುತ್ತದೆ, ಅದರ ಬದಲು ಬೇಗ ಸವೆಯದ ಡಿಸ್ಕು, ಅಂದರೆ ಎಸ್‌ಎಸ್‌ಡಿ ಹಾಕಬೇಕು ಎಂದು ಸೊಸೆಗೆ ಗೊತ್ತಿತ್ತು. ನಾಳೆ, ನಾಡಿದ್ದು ಎನ್ನುತ್ತ ಬಂದಿದ್ದಳು. ಇವತ್ತು ಬೆಳಗ್ಗೆ "ನೀರು ಕೊಡು" ಗುಂಡಿ ಒತ್ತಿದರೆ ಡಬ್ಬಿ "ನೀ... ನೀ..." ಎಂದು ತೊದಲಿ ಸುಮ್ಮನಾಯಿತು.

ಈಗ ಬೋರ್ಡು ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಎದುರಿಗೆ ಅತ್ತೆ, ಮಡಿಲಲ್ಲಿ ಸ್ಲೇಟು. ಸೊಸೆ ಬೇರೊಂದು ಕಾರ್ಡಿನಿಂದ ಬೋರ್ಡನ್ನು ಎಬ್ಬಿಸಿ, ಹಳೇ ಕಾರ್ಡಿನ ಜೊತೆಗೆ ಹೊಸ ಎಸ್‌ಎಸ್‌ಡಿ ಸಿಕ್ಕಿಸಿದಳು. ಯಾವುದನ್ನು ಅಳಿಸಿ ಸಜ್ಜು ಮಾಡಲಿ ಎಂದು ಪರದೆ ಕೇಳಿತು. ತಪ್ಪಿ ಹಳೇ ಕಾರ್ಡನ್ನು ತೋರಿಸಿದರೆ ಕಥೆ ಮುಗಿಯಿತು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆಯೇ ಅವಳು ಒತ್ತಿದಳು. ಹೊಸದು ಸಜ್ಜಾಯಿತು, ಬೋರ್ಡಿನ ವ್ಯವಸ್ಥೆಯೂ ಅದರೊಳಗೆ ಕೂತಿತು. ಆಮೇಲೆ ಹಳೆಯದನ್ನು ಸಿಕ್ಕಿಸಿದಳೋ ಇಲ್ಲವೋ, ಎಸ್‌ಎಸ್‌ಡಿಯೇ ಪರದೆಯಿಂದ ಮಾಯ!

ಸೊಸೆ ತಂತಿಯ ಜಾಡು ಹಿಡಿದು ನೋಡಿದಳು. ಆತುರದಲ್ಲಿ ಫೋನಿನ ಚಾರ್ಜರ್ ಹಾಕಿದ್ದಳು. ಅದರ ಕರೆಂಟು ಬೋರ್ಡು, ಕಾರ್ಡು, ಎಸ್‌ಎಸ್‌ಡಿ ಮೂರಕ್ಕೂ ಸಾಲದು. ಇದೇ ತಪ್ಪಿಗೆ ಅಂಗಡಿಯಲ್ಲಿ ಎಷ್ಟು ಜನರನ್ನು ಬೈದಿದ್ದಳೋ. ದಪ್ಪ ಅಡಾಪ್ಟರ್ ಹುಡುಕಿ ಹಾಕಿದಾಗ ಎಸ್‌ಎಸ್‌ಡಿ ಮರಳಿ ಬಂತು. ಆದರೆ ಹಳೇ ಕಾರ್ಡು ಕೆಂಡದಂತೆ ಬಿಸಿಯಾಗಿತ್ತು.

"ಅತ್ತೆ, ಇದು ಜಾಸ್ತಿ ಹೊತ್ತು ಬದುಕಲ್ಲ. ಎಲ್ಲಾ ಸಿಗುತ್ತೋ ಇಲ್ವೋ. ಮುದ್ದಿನ ಮಾತೆಲ್ಲಾ ಮೊದಲು ತಗೊಳ್ತೀನಿ."

ಅತ್ತೆ ಜೋರಾಗಿ ತಲೆಯಲ್ಲಾಡಿಸಿ ಸ್ಲೇಟಿನಲ್ಲಿ ಬರೆದರು: ಬೈಗುಳ ಮೊದಲು.

"ಈಗಲೂ ತಮಾಷೇನಾ? ನಿಮ್ಮ ದನೀಲಿ 'ಮಗಳೇ' ಅನ್ನೋದು ಒಂದೇ ಒಂದಿದೆ. ಅದು ಹೋಗ್ಬಿಟ್ರೆ?"

ಆ ಒಂದು ಮಾತಿಗಾಗಿ ಅವಳು ಬೈಗುಳವನ್ನೆಲ್ಲ ನುಂಗಿಕೊಂಡಿದ್ದಳು. ಅತ್ತೆ ಬೆರಳಿನಿಂದ ಸ್ಲೇಟು ಕುಟ್ಟಿದರು. ಅವರ ಹಟದ ಮುಂದೆ ಯಾರ ಆಟ ನಡೆದಿತ್ತು?

ಬೈಗುಳಗಳು ಒಂದೊಂದಾಗಿ ದಾಟಿದವು. ಅವುಗಳ ಬೆನ್ನಿಗೆ ನೀರು, ಊಟ, ನೋವು. ಮುದ್ದಿನ ಮಾತುಗಳ ಸರದಿ ಬರುತ್ತಲೇ ಪರದೆ ನಿಂತಿತು. ಕಾರ್ಡನ್ನು ತೆಗೆದು ಹಾಕಿದಳು, ಒರೆಸಿ ಹಾಕಿದಳು, ತಣ್ಣಗಾಗಲು ಬಿಟ್ಟು ಹಾಕಿದಳು. ಅದು ಸತ್ತಿತ್ತು.

ಬೋರ್ಡು ಎಸ್‌ಎಸ್‌ಡಿಯಿಂದಲೇ ಎದ್ದಿತು. ಅತ್ತೆ ಗುಂಡಿ ಒತ್ತಿದರು.

"ಏನೇ, ಕಣ್ಣು ನೆತ್ತಿ ಮೇಲಿದ್ಯಾ?"

ಒಂದಕ್ಷರವೂ ತೊದಲದೆ ಹಳೇ ದನಿ ಕೋಣೆ ತುಂಬಿತು. ಸೊಸೆ ನಗಲು ಹೋಗಿ ಅತ್ತುಬಿಟ್ಟಳು. "ಮಗಳೇ ಅನ್ನೋದು ಹೋಯ್ತು, ಅತ್ತೆ."

ಅತ್ತೆ ಸ್ಲೇಟು ಒರೆಸಿ ನಿಧಾನವಾಗಿ ಬರೆದರು: ಬೈಯೋಕೆ ಬಾಯಿ ಬೇಕು ಕಣೇ. ಮಗಳೇ ಅನ್ನೋಕೆ ಬೇಡ.

ಬಳಪ ಕೆಳಗಿಟ್ಟು, ಸೊಸೆಯ ತಲೆಯನ್ನು ಎರಡೂ ಕೈಯಿಂದ ಎಳೆದು ಎದೆಗೆ ಒತ್ತಿಕೊಂಡರು.